ಸದ್ದಿಲ್ಲದ್ದಕ್ಕ ಬಾಡಿಗಿ

ಮುಂಜಾನೆ ಹತ್ತಕ್ಕ ಕಂಪನಿ ಪತ್ರ ಬಂತು.
ಪ್ರಿಯ ದಸ್ತಗೀರ, ಅಂತ ಶುರು,
ಸಾಲಿಯೊಳಗ ಬಾಜೂಕ ಕುಂತಾಂವ ಬರೆದಂಗ.
ಒಂದನೇ ತಾರೀಖಿನಿಂದ ನಾವು ಮಾರೂದಿಲ್ಲ,
ಬಾಡಿಗಿ ಕೊಡತೀವಿ,
ಎಲ್ಲಾ ನಿಮ್ಮ ಅನುಕೂಲಕ್ಕ.

ಬನಹಟ್ಟಿಯೊಳಗ, ನೂಲಿನ ಗೋದಾಮಿನ ಹಿಂದ,
ಹತ್ತು ಬೈ ಹನ್ನೆರಡರ ಖೋಲಿ ನನ್ನ ಸ್ಟುಡಿಯೋ.
ಗ್ವಾಡಿಗೆ ಹಳೇ ಗಾದಿ, ಬಾಗಿಲಿಗೆ ಎರಡು ಕೌದಿ.
ಗ್ವಾಡಿ ಆಚೆ ದುಂಡಪ್ಪನ ನಾಲ್ಕು ಪವರ್‌ಲೂಮು.
ಗಾದಿ ದಾಟಿ, ಕೌದಿ ದಾಟಿ
ಖಟ್ ಖಟಾ ಖಟ್
ಮೈಕಿನ ಕಿವಿಗೆ ಬಂದು ಕೂಡತಿತ್ತು.

ಸುಮ್ಮನಿರೂದಕ್ಕ ಮೊದಲ ದುಂಡಪ್ಪನ ರೇಟು ಇತ್ತು:
ತಾಸಿಗೆ ನೂರಾ ಎಂಬತ್ತು.
ಬಾಯಿಲೆ ಲೆಕ್ಕ ಹಾಕಿದ್ದ: ಇಷ್ಟು ಮೀಟರ್ ಬಟ್ಟಿ, ಇಬ್ಬರ ಪಗಾರ,
ನಿಂತ ಮಗ್ಗ ಮತ್ತ ಹದಕ್ಕ ಬರೂ ಹೊತ್ತು.
ರೊಕ್ಕ ತಗೊಳ್ಳೂವಾಗ ಮಾತ್ರ ಮಾರಿ ಆಚೆ ತಿರುವತಿದ್ದ.

ಕೈಯಾಗ ರೊಕ್ಕ ಇಲ್ಲದ ದಿನ
ಕರೆಂಟು ಹೋಗೂದು ಕಾಯತಿದ್ದೆ.
ಹೋತಂದ್ರ ಊರಿಗೆ ಊರ ಗಪ್ಪ್.
ಇನ್ವರ್ಟರ್ ಮ್ಯಾಲೆ ಕಂಪ್ಯೂಟರ್ ಹಚ್ಚಿ
ಕಸ್ತೂರೆವ್ವಗ ಫೋನು: ಯವ್ವಾ, ಈಗ ಬಾ!
ಕಂಡಿಕಿ ಸುತ್ತೂದು ಬಿಟ್ಟು ಓಡಿ ಬರತಿದ್ದಳು,
ಒಂದು ತಂಬಿಗಿ ನೀರು ಕುಡದು
ಕತ್ತಲಿಯೊಳಗ ಬೀಸೂ ಪದ ಎತ್ತತಿದ್ದಳು.
ಮೊದಲನೇ ನುಡಿಯಾಗ ಯಾವಾಗಲೂ ಏದುಸಿರು.
ಮೂರನೇ ನುಡಿಗೆ ಕರೆಂಟು ಬಂದರ
ಮುಗೀತು, ನಾಳೆ.
ರೊಕ್ಕದ ಮಾತು ಆಕಿ ತೆಗೀಲಿಲ್ಲ. ನಾನೂ.

ಆಮ್ಯಾಲೆ ಬಂತು ಆ ಪ್ಲಗಿನ್, ಸದ್ದು ತೆಗಿಯೂದು.
ಆ ಕಂಪನಿಗೆ ವರ್ಷದ ಹನ್ನೆರಡೂ ತಿಂಗಳು ಆಷಾಢ.
ಹದಿನಾಲ್ಕು ಸಾವಿರ ಅಂತ ಬರದು, ಕೆಂಪು ಗೆರಿ ಎಳದು,
ಎರಡು ಸಾವಿರದ ನಾಲ್ಕು ನೂರು.
ನಾಳೆ ಮುಗೀತೈತಿ ಅಂದ ಸೇಲು
ನಾಡದ್ದೂ ಇರತಿತ್ತು.
ತಗೊಂಡೆ. ಮಗ್ಗ ನಡದಿದ್ದಾಗಲೇ ಹಾಡಿಸಿದೆ.
ಗುಂಡಿ ತಿರುವಿ ಎಪ್ಪತ್ತಕ್ಕ ತರೂದರಾಗ
ನಾಲ್ಕೂ ಮಾಯ.
ಕಸ್ತೂರೆವ್ವನ 'ಸ'ದೊಳಗಿನ ಗಾಳಿನೂ
ಒಂದೀಟು ಮಾಯ.
ಕೇಳಿ ಆಕಿ ಅಂದಳು: ಚೊಲೋ ಬಂದೈತಿ ತಮ್ಮಾ,
ಖರೇ, ಈಕಿ ಯಾವೂರಾಕಿ?

ಈಗ ಆಷಾಢ ಮುಗದೈತಿ.
ತಿಂಗಳಿಗೆ ಏಳುನೂರಾ ತೊಂಬತ್ತೊಂಬತ್ತು.
ಕೊಂಡದ್ದು ಯಾವತ್ತೂ ನಿಮ್ಮದ, ಅಂತಾರ;
ಹೊಸಾ ಕಂಪ್ಯೂಟರಿನಾಗ ತೆರಿಯೂದಿಲ್ಲ, ಅಷ್ಟ.
ನನ್ನ ಹಳೇದು ಹೋದ ಮಳಿಗಾಲದಾಗ ಸತ್ತೈತಿ.

ದುಂಡಪ್ಪಗ ಪತ್ರ ಓದಿ ಹೇಳಿದೆ.
ಕೆಮ್ಮು ಬರೂತನಕ ನಕ್ಕ.
"ನನಗ್ಯಾಕ ಹೊಳೀಲಿಲ್ಲೋ ಇದು!
ಸೀರಿ ಮಾರಬಾರದಾಗಿತ್ತು, ಬಾಡಿಗಿ ಕೊಡಬೇಕಾಗಿತ್ತು.
ತಿಂಗಳ ರೊಕ್ಕ ತಪ್ಪಿತೋ,
ಉಟ್ಟ ಸೀರಿ ಹಂಗ ನೂಲಾಗಿ ಬಿಚ್ಚಿಕೊಂಡು
ಸಂತಿಯಿಂದ ನಡಕೋತ ನನ್ನ ಮನಿಗೆ ಬರಬೇಕು."

ಪುಕ್ಕಟದ ಹತ್ತು ದಿನ ಮೊನ್ನೆ ತೀರಿದವು.
ಹಾಡು ತೆರೆದೆ. ನಡುವ ಒಂದು ಬೂದಿ ಬಣ್ಣದ ಚೌಕ:
ಅವಧಿ ಮುಗಿದಿದೆ.
ಕಸ್ತೂರೆವ್ವನ ದನಿ ಕೆಳಗ
ನಾಲ್ಕು ಮಗ್ಗ ಎದ್ದು ಕುಂತವು.

ಚಹಾದ ಕಪ್ಪು ಹಿಡಕೊಂಡು ಬಾಗಿಲಾಗ ದುಂಡಪ್ಪ.
ಈಗ ಅವನ ಶೆಡ್ಡಿನಾಗ ಎರಡ ಉಳದಾವು,
ಎರಡು ಕಿಲೋ ಲೆಕ್ಕದಾಗ ಮೋಡಕಾಕ್ಕ ಹೋದವು.
"ಮೂರನೇದ್ದು," ಅಂದ. "ಕುಂಟತೈತಿ, ಕೇಳು.
ಬೆಲ್ಟು ಸಡಲಿತ್ತು.
ನಾಳೆ ಬಿಗಸೂಣು, ನಾಳೆ ಬಿಗಸೂಣು ಅಂತ…"
ಕಪ್ಪಿನ್ಯಾಗಿನ ಚಹಾ
ಅದರ ಹೊಡತಕ್ಕ ಸರಿಯಾಗಿ ಅಲಗತಿತ್ತು.

"ಇದನ್ನಷ್ಟ ಮೊಬೈಲಿಗೆ ಹಾಕಿ ಕೊಡಾಕ ಏನು ರೇಟು?
ಹಾಡು ಬ್ಯಾಡ."
ತಾಸಿಗೆ ನೂರಾ ಎಂಬತ್ತು, ಅಂದೆ.
ಅಂವ ನಗಲಿಲ್ಲ. ಕಿಸೆದಾಗ ಕೈ ಹಾಕಿದ.

ಅಂವ ಹೋದ ಮ್ಯಾಲೆ ಲೆಕ್ಕದ ವಹಿ ತೆಗೆದೆ.
ಕಂಪನಿ ಐತಿ, ಮಗ್ಗ ಐತಿ,
ಬ್ಯಾಟರಿಗೆ ಹಾಕಿದ ನೀರಿನ ಮೂವತ್ತು ರೂಪಾಯಿನೂ ಐತಿ.
ಕಸ್ತೂರೆವ್ವ ಅನ್ನೂ ಹೆಸರಿನ ಮುಂದ
ಒಂದು ಗೆರಿ ಎಳದಿದ್ದೆ, ಪೆನ್ಸಿಲಿನಿಂದ,
ಆಮ್ಯಾಲೆ ತುಂಬೂಣು ಅಂತ.